ಒಂದೇ ಜಾಗ, ಮೂರು ಬಾಗಿಲು

ಆಟಗಾರನೊಬ್ಬನ ಬದುಕನ್ನು ಅಂಕಿಗಳಲ್ಲಿ ಅಳೆಯುವುದು ನಮಗೆಲ್ಲ ರೂಢಿಯಾಗಿದೆ. ಎಷ್ಟು ಪಂದ್ಯ ಆಡಿದ, ಎಷ್ಟು ರನ್ ಹೊಡೆದ, ಸರಾಸರಿ ಎಷ್ಟು ಎಂದು ಕೇಳುತ್ತೇವೆ. ಉತ್ತರ ಸಿಕ್ಕ ಕೂಡಲೇ ಆತನ ಯೋಗ್ಯತೆ ತಿಳಿಯಿತೆಂದು ಸಮಾಧಾನಪಡುತ್ತೇವೆ. ಆ ಲೆಕ್ಕವನ್ನು ಬರೆದಿಟ್ಟವರು ಯಾರು, ಯಾರ ಹೆಸರನ್ನು ದಫ್ತರಕ್ಕೆ ಸೇರಿಸಲೇ ಇಲ್ಲ ಎಂಬ ಪ್ರಶ್ನೆ ಮನಸ್ಸಿಗೆ ಬರುವುದು ಅಪರೂಪ. ಕಥೆ ಬರೆಯುವ ನಮ್ಮಂಥವರಿಗಾದರೂ ಈ ಪ್ರಶ್ನೆ ಬರಬೇಕು. ದಫ್ತರದಲ್ಲಿ ಇಲ್ಲದವರ ಬದುಕೇ ತಾನೆ ಬಹುಪಾಲು ನಮ್ಮ ಕಥೆಗಳ ಸಾಮಗ್ರಿ?

ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ 1977ನೇ ಇಸವಿ ಈ ಪ್ರಶ್ನೆಯನ್ನು ಕೇಳಿಕೊಳ್ಳಲು ತಕ್ಕ ಸಂದರ್ಭ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಆ ಆಟದ ಹಾಲ್ ಆಫ್ ಫೇಮ್ ಇದೆ. ಬೇಸ್‌ಬಾಲ್ ಆಡಿದವನಿಗೆ ಅಲ್ಲಿ ತನ್ನ ಹೆಸರಿನ ಫಲಕ ಬರುವುದಕ್ಕಿಂತ ದೊಡ್ಡ ಗೌರವವಿಲ್ಲ. ಆ ವರ್ಷ ಅಲ್ಲಿಗೆ ಸೇರಿಸಲ್ಪಟ್ಟ ಆರು ಮಂದಿಯಲ್ಲಿ ಮೂವರು ಮೈದಾನದ ಒಂದೇ ಜಾಗದಲ್ಲಿ ನಿಂತು ಹೆಸರು ಮಾಡಿದವರು. ಆ ಜಾಗದ ಹೆಸರು ಶಾರ್ಟ್‌ಸ್ಟಾಪ್. ಆ ಮೂವರು ಜಾನ್ ಹೆನ್ರಿ ಲಾಯ್ಡ್, ಜೋ ಸ್ಯೂವೆಲ್ ಮತ್ತು ಅರ್ನಿ ಬ್ಯಾಂಕ್ಸ್. ಮೂವರೂ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹುಟ್ಟಿದವರು. ಆದರೆ ಮೂವರೂ ಒಂದೇ ಬಾಗಿಲಿನಿಂದ ಒಳಗೆ ಬಂದವರಲ್ಲ. ಆ ಮೂರು ಬಾಗಿಲುಗಳ ಕಥೆಯನ್ನು ಇಲ್ಲಿ ಹೇಳಲು ಹೊರಟಿದ್ದೇವೆ.

ಮೊದಲು ಆ ಜಾಗದ ಬಗ್ಗೆ ಎರಡು ಮಾತು. ಕ್ರಿಕೆಟ್ ಬಲ್ಲ ನಮ್ಮ ಓದುಗರು ಒಂದು ಚೌಕವನ್ನು ಕಲ್ಪಿಸಿಕೊಳ್ಳಬೇಕು. ಅದರ ಒಂದು ಮೂಲೆಯಲ್ಲಿ ಬ್ಯಾಟು ಹಿಡಿದವನು ನಿಲ್ಲುತ್ತಾನೆ. ಉಳಿದ ಮೂರು ಮೂಲೆಗಳಲ್ಲಿ ಒಂದೊಂದು ಬೇಸ್ ಇರುತ್ತದೆ. ಒಂದು ಮೂಲೆಯಿಂದ ಇನ್ನೊಂದಕ್ಕೆ 90 ಅಡಿ. ಚೆಂಡನ್ನು ಹೊಡೆದವನು ಮೊದಲನೇ ಬೇಸಿಗೆ ಓಡಬೇಕು, ಅಲ್ಲಿಂದ ಎರಡನೆಯದು, ಮೂರನೆಯದು, ಕೊನೆಗೆ ಹೊರಟ ಮನೆಗೇ ವಾಪಸ್ಸು. ಮೂರು ಬೇಸುಗಳನ್ನು ಕಾಯಲು ಮೂರು ಜನ ಇರುತ್ತಾರೆ. ಕಾಯಲು ಯಾವ ಬೇಸೂ ಇಲ್ಲದ ನಾಲ್ಕನೆಯವನೊಬ್ಬ ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುತ್ತಾನೆ. ಅವನೇ ಶಾರ್ಟ್‌ಸ್ಟಾಪ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬಲಗೈ ಬ್ಯಾಟ್ಸ್‌ಮನ್ನಿನ ಮಿಡ್‌ವಿಕೆಟ್ಟಿನ ಆಸುಪಾಸು.

ಬಲಗೈಯವರೇ ಹೆಚ್ಚಾಗಿರುವುದರಿಂದ ಜೋರಾಗಿ ಹೊಡೆದ ಚೆಂಡುಗಳು ಬಹಳಷ್ಟು ಅವನತ್ತಲೇ ಬರುತ್ತವೆ. ನೆಲಕ್ಕೆ ಬಿದ್ದು ಪುಟಿದು ಬರುವ ಚೆಂಡನ್ನು ಅವನು ಓಡುತ್ತಲೇ ಬಾಚಿಕೊಳ್ಳಬೇಕು, ದೇಹವನ್ನು ತಿರುಗಿಸಿ ದೂರದ ಮೊದಲನೇ ಬೇಸಿಗೆ ಎಸೆಯಬೇಕು. ಹೊಡೆದವನು ಅಲ್ಲಿಗೆ ತಲುಪಲು ತೆಗೆದುಕೊಳ್ಳುವುದು ನಾಲ್ಕು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಎಲ್ಲ ಮುಗಿಯಬೇಕು. ಹೀಗಾಗಿ ತಂಡದ ಅತ್ಯಂತ ಚುರುಕಾದವನನ್ನು ಅಲ್ಲಿ ನಿಲ್ಲಿಸುತ್ತಾರೆ. ಈ ಜಾಗ ಆಟದ ಹುಟ್ಟಿನಲ್ಲೇ ಇದ್ದದ್ದಲ್ಲ. ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನ ವೈದ್ಯ ಡಾಕ್ ಆಡಮ್ಸ್ 1849-50ರ ಸುಮಾರಿಗೆ ಅಲ್ಲಿ ನಿಲ್ಲತೊಡಗಿದರು. ಆಗಿನ ಚೆಂಡು ಹಗುರ, ದೂರ ಎಸೆಯಲು ಬಾರದು. ಹೊರ ಮೈದಾನದಿಂದ ಬಂದದ್ದನ್ನು ನಡುವೆ ಹಿಡಿದು ಒಳಕ್ಕೆ ದಾಟಿಸಲು ಒಬ್ಬ ಬೇಕಾಗಿತ್ತು. ಚೆಂಡು ಗಟ್ಟಿಯಾದಂತೆ ಅವನು ಒಳಕ್ಕೆ ಸರಿದು ಅಲ್ಲೇ ಖಾಯಂ ಆದ.

ಈ ಜಾಗಕ್ಕೆ ಇನ್ನೊಂದು ಗುಣವಿದೆ. ಅದು ಯಾರಿಗೂ ಬದುಕಿನುದ್ದಕ್ಕೂ ಸಿಗುವುದಿಲ್ಲ. ಮೂವತ್ತು ದಾಟುತ್ತಿದ್ದಂತೆ ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಆಗ ಅವನನ್ನು ಮೂರನೇ ಬೇಸಿಗೋ ಎರಡನೇ ಬೇಸಿಗೋ ಸರಿಸುತ್ತಾರೆ. ಕೊನೆಗೆ ಓಟ ಕಡಿಮೆ ಇರುವ ಮೊದಲನೇ ಬೇಸು. ಆಮೇಲೆ ತರಬೇತುದಾರನ ಬೆಂಚು, ಆಮೇಲೆ ಮನೆ. ಶಾರ್ಟ್‌ಸ್ಟಾಪಿನ ವೃತ್ತಿಜೀವನದ ದಾರಿ ಸಾಮಾನ್ಯವಾಗಿ ಇದೇ. ಇದು ದೇಹದ ಕಾನೂನು. ಈ ಕಾನೂನು ಬಿಳಿಯ, ಕರಿಯ ಎಂದು ಭೇದ ಮಾಡುವುದಿಲ್ಲ. ಭೇದ ಮಾಡುವುದು ಮನುಷ್ಯನ ಕಾನೂನು. ಅದು ಎಷ್ಟೋ ಸಲ ಕಾಗದದ ಮೇಲೆ ಇರುವುದೂ ಇಲ್ಲ.

ಜಾನ್ ಹೆನ್ರಿ ಲಾಯ್ಡ್ ಹುಟ್ಟಿದ್ದು 1884ರ ಏಪ್ರಿಲ್‌ನಲ್ಲಿ, ಫ್ಲೋರಿಡಾದ ಪಲಾಟ್ಕಾದಲ್ಲಿ. ಅದೇ 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಟೊಲೆಡೊ ತಂಡದ ಪರವಾಗಿ ಬಿಳಿಯರ ದೊಡ್ಡ ಲೀಗಿನಲ್ಲಿ ಆಡಿದರು. ಅದು ಒಂದೇ ಋತುವಿನ ಮಾತು. ಅದಾದ ಮೇಲೆ ಬಾಗಿಲು ಮುಚ್ಚಿತು. ಕರಿಯರನ್ನು ಸೇರಿಸಿಕೊಳ್ಳಬಾರದೆಂದು ಬರೆದ ನಿಯಮ ದೊಡ್ಡ ಲೀಗುಗಳ ಪುಸ್ತಕದಲ್ಲಿ ಇರಲಿಲ್ಲ. ಮಾಲೀಕರ ನಡುವೆ ಒಂದು ಒಪ್ಪಂದವಿತ್ತು, ಅದನ್ನು ಸಭ್ಯರ ಒಪ್ಪಂದವೆಂದು ಕರೆಯುತ್ತಿದ್ದರು. ಸಭ್ಯತೆಯ ಹೆಸರಿನಲ್ಲಿ ಏನೇನು ನಡೆಯಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮುಂದೆ ಅರವತ್ತಕ್ಕೂ ಹೆಚ್ಚು ವರ್ಷ ಆ ಬಾಗಿಲು ತೆರೆಯಲಿಲ್ಲ. ಲಾಯ್ಡ್ ಅವರ ಇಡೀ ಆಟ ಆ ಅರವತ್ತು ವರ್ಷಗಳ ಒಳಗೇ ಮುಗಿದುಹೋಯಿತು.

ತಂದೆಯಿಲ್ಲದ ಹುಡುಗನನ್ನು ಅಜ್ಜಿ ಬೆಳೆಸಿದರು. ಶಾಲೆ ಬೇಗನೆ ಬಿಟ್ಟುಹೋಯಿತು. ಅಂಗಡಿಯೊಂದರಲ್ಲಿ ಸಾಮಾನು ತಲುಪಿಸುವ ಕೆಲಸ. 1905ರಲ್ಲಿ ಮೇಕನ್ ಎಂಬ ಊರಿನ ಬಡ ತಂಡಕ್ಕೆ ಕ್ಯಾಚರ್ ಆಗಿ, ಅಂದರೆ ನಮ್ಮ ವಿಕೆಟ್ ಕೀಪರನಂತೆ, ಆಡುತ್ತಿದ್ದಾಗ ಮುಖಕ್ಕೆ ಕಟ್ಟಿಕೊಳ್ಳಲು ರಕ್ಷಾಕವಚವನ್ನೂ ಆ ತಂಡ ಕೊಟ್ಟಿರಲಿಲ್ಲವಂತೆ. ಚೆಂಡು ತಾಗಿ ಕಣ್ಣು ಊದಿತು. ಮರುದಿನ ಅವರು ಕಸದ ತಂತಿ ಬುಟ್ಟಿಯನ್ನು ಮುಖಕ್ಕೆ ಕಟ್ಟಿಕೊಂಡು ಮೈದಾನಕ್ಕೆ ಇಳಿದರೆಂದು ಹೇಳುತ್ತಾರೆ. ಈ ಕಥೆಯನ್ನು ಹಾಸ್ಯವಾಗಿಯೇ ಹೇಳುವುದು ವಾಡಿಕೆ. ನಮಗೆ ನಗು ಬರುವ ಮೊದಲೇ ಆ ಬುಟ್ಟಿ ಕಣ್ಣ ಮುಂದೆ ಬರುತ್ತದೆ.

1906ರಲ್ಲಿ ಅವರು ಫಿಲಡೆಲ್ಫಿಯಾಕ್ಕೆ ಹೋಗಿ ಕ್ಯೂಬನ್ ಎಕ್ಸ್-ಜೈಂಟ್ಸ್ ತಂಡ ಸೇರಿದರು. ಹೆಸರು ಕ್ಯೂಬಾದ್ದಾದರೂ ಆಡುತ್ತಿದ್ದವರು ಬಹುಪಾಲು ಅಮೆರಿಕದ ಕರಿಯರೇ. ಅಲ್ಲಿಂದ ಫಿಲಡೆಲ್ಫಿಯಾ ಜೈಂಟ್ಸ್, ಷಿಕಾಗೊದ ಲೀಲೆಂಡ್ ಜೈಂಟ್ಸ್, ನ್ಯೂಯಾರ್ಕಿನ ಲಿಂಕನ್ ಜೈಂಟ್ಸ್, ಮತ್ತೆ ಷಿಕಾಗೊ, ಆಮೇಲೆ ಬ್ರೂಕ್ಲಿನ್, ಅಟ್ಲಾಂಟಿಕ್ ಸಿಟಿ. ಎಲ್ಲಿ ಕೂಲಿ ಸಿಗುತ್ತದೋ ಅಲ್ಲಿಗೆ ಹೋದರು. ಬೇಸಿಗೆಯಲ್ಲಿ ಅಮೆರಿಕ, ಹಲವು ಚಳಿಗಾಲಗಳಲ್ಲಿ ಕ್ಯೂಬಾ. ಅವರ ಅಗಲವಾದ ಕೈಗಳು ಚೆಂಡಿನ ಜೊತೆ ಮಣ್ಣನ್ನೂ ಬಾಚಿಕೊಂಡು ಬರುತ್ತಿದ್ದುದರಿಂದ ಕ್ಯೂಬಾದ ಜನ ಅವರಿಗೆ ತಮ್ಮ ಭಾಷೆಯಲ್ಲಿ ಸೌಟು ಎಂದು ಹೆಸರಿಟ್ಟರು. ಶಾರ್ಟ್‌ಸ್ಟಾಪ್ ಆಡುವವನಿಗೆ ಇದಕ್ಕಿಂತ ಒಪ್ಪುವ ಬಿರುದು ಇರಲಾರದು.

ಕ್ಯೂಬಾದಲ್ಲಿ ಬಿಳಿಯರೂ ಕರಿಯರೂ ಒಂದೇ ಮೈದಾನದಲ್ಲಿ ಆಡುತ್ತಿದ್ದರು. 1910ರಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡ ಹವಾನಾಕ್ಕೆ ಬಂತು. ಆ ಕಾಲದ ಬಿಳಿಯರಲ್ಲಿ ಅತ್ಯಂತ ದೊಡ್ಡ ಬ್ಯಾಟ್ಸ್‌ಮನ್ ಟೈ ಕಾಬ್ ಅದರ ಆಟಗಾರ. ಆ ಪಂದ್ಯಗಳಲ್ಲಿ ಲಾಯ್ಡ್ ಅವರ ಬ್ಯಾಟಿಂಗ್ ಸರಾಸರಿ ಕಾಬ್‌ಗಿಂತ ಮೇಲಿತ್ತು. ಎದುರಾಳಿಯ ಕಾಲಿಗೆ ಬೂಟಿನ ಮೊಳೆ ನಾಟಿಸಿ ಬೇಸಿಗೆ ನುಗ್ಗುವುದಕ್ಕೆ ಕಾಬ್ ಹೆಸರಾದವರು. ಲಾಯ್ಡ್ ಕಾಲುಚೀಲದ ಒಳಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಿಂತಿದ್ದರೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ಸಮುದ್ರದ ಆಚೆ ಒಂದೇ ಮೈದಾನದಲ್ಲಿ ಸಮನಾಗಿ ನಿಂತ ಈ ಇಬ್ಬರು ಊರಿಗೆ ಮರಳಿದ ಮೇಲೆ ಮತ್ತೆ ಬೇರೆ ಬೇರೆ ಲೋಕಗಳಿಗೆ ಹೋದರು. ಒಬ್ಬರು ದೊಡ್ಡ ಲೀಗಿಗೆ, ಇನ್ನೊಬ್ಬರು ಕರಿಯರಿಗೆ ಕೋಣೆ ಕೊಡುವ ಹೋಟೆಲು ಎಲ್ಲಿದೆಯೆಂದು ಹುಡುಕುವ ಪ್ರವಾಸಕ್ಕೆ.

ಬಿಳಿಯರ ಲೀಗಿನಲ್ಲಿ ಆಗ ಪಿಟ್ಸ್‌ಬರ್ಗಿನ ಹೋನಸ್ ವ್ಯಾಗ್ನರ್ ಶಾರ್ಟ್‌ಸ್ಟಾಪ್‌ಗಳ ರಾಜನೆನಿಸಿದ್ದರು. ಲಾಯ್ಡ್ ಅವರನ್ನು ಪತ್ರಿಕೆಗಳು ಕಪ್ಪು ವ್ಯಾಗ್ನರ್ ಎಂದು ಕರೆದವು. ವ್ಯಾಗ್ನರ್ ದೊಡ್ಡ ಮನುಷ್ಯ. ಲಾಯ್ಡ್ ಆಟವನ್ನು ನೋಡಿದ ಮೇಲೆ, ಅವರನ್ನು ತನ್ನ ಹೆಸರಿನಿಂದ ಕರೆಯುವುದು ತನಗೇ ಗೌರವವೆಂದು ಹೇಳಿದರಂತೆ. ಆದರೂ ಒಂದು ಮಾತು ಉಳಿಯುತ್ತದೆ. ವ್ಯಾಗ್ನರ್ ಅವರನ್ನು ಬಿಳಿಯ ಲಾಯ್ಡ್ ಎಂದು ಯಾವ ಪತ್ರಿಕೆಯೂ ಕರೆಯುವ ರೂಢಿ ಬೆಳೆಯಲಿಲ್ಲ. ಹೊಗಳಿಕೆಯಲ್ಲೂ ಅಳತೆಗೋಲು ಯಾರ ಕೈಯಲ್ಲಿರುತ್ತದೆ ಎಂಬುದನ್ನು ಈ ಬಿರುದೇ ಹೇಳುತ್ತದೆ.

ಇನ್ನು ಎರಡನೆಯ ಬಾಗಿಲು. 1920ರ ಆಗಸ್ಟ್ 16ರಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಕ್ಲೀವ್‌ಲೆಂಡ್ ತಂಡದ ಶಾರ್ಟ್‌ಸ್ಟಾಪ್ ರೇ ಚಾಪ್‌ಮನ್ ಬ್ಯಾಟು ಹಿಡಿದು ನಿಂತಿದ್ದರು. ಯಾಂಕೀಸ್ ತಂಡದ ಕಾರ್ಲ್ ಮೇಸ್ ಎಸೆದ ಚೆಂಡು ಅವರ ತಲೆಗೆ ಬಡಿಯಿತು. ಆಗ ಹೆಲ್ಮೆಟ್ ಇರಲಿಲ್ಲ. ಮಣ್ಣು ಮೆತ್ತಿ ಕಪ್ಪಾದ ಚೆಂಡನ್ನೇ ಬದಲಾಯಿಸದೆ ಆಡುವುದು ಆ ಕಾಲದ ಪದ್ಧತಿ, ಅದು ಕಣ್ಣಿಗೆ ಕಾಣುವುದೇ ಕಷ್ಟ. ಮರುದಿನ ಬೆಳಗಿನ ಹೊತ್ತಿಗೆ ಚಾಪ್‌ಮನ್ ತೀರಿಕೊಂಡರು. ದೊಡ್ಡ ಲೀಗಿನ ಪಂದ್ಯದಲ್ಲಿ ಚೆಂಡು ತಾಗಿ ಸತ್ತ ಆಟಗಾರ ಅವರೊಬ್ಬರೇ.

ಕ್ಲೀವ್‌ಲೆಂಡ್ ಆಗ ಪ್ರಶಸ್ತಿಯ ಹೋರಾಟದಲ್ಲಿತ್ತು. ಸತ್ತವನ ಜಾಗಕ್ಕೆ ನಿಲ್ಲಿಸಿದವನಿಗೂ ಪೆಟ್ಟಾಯಿತು. ತಂಡ ನ್ಯೂ ಆರ್ಲಿಯನ್ಸ್‌ನಲ್ಲಿ ಸಣ್ಣ ಲೀಗಿನಲ್ಲಿ ಆಡುತ್ತಿದ್ದ ಇಪ್ಪತ್ತೊಂದರ ಹುಡುಗನನ್ನು ಕರೆಸಿಕೊಂಡಿತು. ಅವನೇ ಜೋ ಸ್ಯೂವೆಲ್. 1898ರಲ್ಲಿ ಅಲಬಾಮಾ ರಾಜ್ಯದಲ್ಲಿ ಹುಟ್ಟಿದವನು. ಐದೂವರೆ ಅಡಿ ಎತ್ತರ. ಅಲಬಾಮಾ ವಿಶ್ವವಿದ್ಯಾಲಯದಿಂದ ಹೊರಬಂದು ಕೆಲವೇ ತಿಂಗಳಾಗಿತ್ತು. ಸೆಪ್ಟೆಂಬರ್ 10ರಂದು ಅವನು ದೊಡ್ಡ ಲೀಗಿನ ಮೈದಾನಕ್ಕೆ ಇಳಿದ. ಸೆಪ್ಟೆಂಬರ್ ತಿಂಗಳಲ್ಲಿ ತಂಡ ಸೇರಿದವರಿಗೆ ಅಂತಿಮ ಸರಣಿಯಲ್ಲಿ ಆಡುವ ಹಕ್ಕಿರಲಿಲ್ಲ. ಕ್ಲೀವ್‌ಲೆಂಡಿನ ದುಃಖವನ್ನು ಕಂಡು ಎದುರಾಳಿ ಬ್ರೂಕ್ಲಿನ್ ತಂಡವೇ ಒಪ್ಪಿಗೆ ಕೊಟ್ಟಿತು. ಅಕ್ಟೋಬರಿನಲ್ಲಿ ಕ್ಲೀವ್‌ಲೆಂಡ್ ವಿಶ್ವ ಸರಣಿ ಗೆದ್ದಿತು. ಕಾಲೇಜಿನಿಂದ ವಿಶ್ವ ಸರಣಿಯವರೆಗಿನ ದಾರಿ ಆ ಹುಡುಗನಿಗೆ ಒಂದೇ ವರ್ಷದಲ್ಲಿ ಮುಗಿದಿತ್ತು.

ಸ್ಯೂವೆಲ್ ಅವರ ಯೋಗ್ಯತೆಯ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ಹದಿನಾಲ್ಕು ಋತುಗಳಲ್ಲಿ 7,132 ಸಲ ಬ್ಯಾಟು ಬೀಸಲು ನಿಂತ ಲೆಕ್ಕವಿದ್ದು, ಚೆಂಡಿಗೆ ತಾಗಿಸಲಾರದೆ ಸ್ಟ್ರೈಕ್‌ಔಟ್ ಆದದ್ದು 114 ಸಲ ಮಾತ್ರ. 1925ರ ಇಡೀ ಋತುವಿನಲ್ಲಿ ನಾಲ್ಕೇ ನಾಲ್ಕು ಸಲ. ಒಬ್ಬ ಆಟಗಾರ ಒಂದೇ ವಾರದಲ್ಲಿ ಅಷ್ಟು ಸಲ ಹೀಗೆ ಔಟಾಗುವುದು ಈ ಕಾಲದಲ್ಲಿ ಸಾಮಾನ್ಯ ಸಂಗತಿ. ಸತತ 1,103 ಪಂದ್ಯ ಆಡಿದರು. ಮೂವತ್ತಾಗುವ ಹೊತ್ತಿಗೆ ದೇಹದ ಕಾನೂನು ಬಂದು ಭುಜ ತಟ್ಟಿತು, 1929ರಲ್ಲಿ ಮೂರನೇ ಬೇಸಿಗೆ ಸರಿದರು. ಯಾಂಕೀಸ್ ಸೇರಿ 1932ರಲ್ಲಿ ಇನ್ನೊಂದು ವಿಶ್ವ ಸರಣಿ ಗೆದ್ದರು. 1933ರಲ್ಲಿ ಆಟ ನಿಂತಿತು. 1964ರಿಂದ ತಮ್ಮ ಅಲಬಾಮಾ ವಿಶ್ವವಿದ್ಯಾಲಯದಲ್ಲೇ ತರಬೇತುದಾರರಾದರು.

ನಮ್ಮ ಗಮನವಿರುವುದು ಆ ವಿಶ್ವವಿದ್ಯಾಲಯದ ಬಾಗಿಲಿನ ಮೇಲೆ. ಸ್ಯೂವೆಲ್ ಓದಿದ ಕಾಲಕ್ಕೆ ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವಿರಲಿಲ್ಲ. 1956ರಲ್ಲಿ ಒಬ್ಬ ಕಪ್ಪು ವಿದ್ಯಾರ್ಥಿನಿಗೆ ಪ್ರವೇಶ ಸಿಕ್ಕಿತಾದರೂ ಕೆಲವೇ ದಿನಗಳಲ್ಲಿ ಆಕೆಯನ್ನು ಹೊರಗೆ ಹಾಕಲಾಯಿತು. 1963ರ ಜೂನ್ 11ರಂದು ಇಬ್ಬರು ಕಪ್ಪು ವಿದ್ಯಾರ್ಥಿಗಳು ಬಂದಾಗ ರಾಜ್ಯದ ಗವರ್ನರ್ ಜಾರ್ಜ್ ವ್ಯಾಲೇಸ್ ಅವರೇ ಬಾಗಿಲಲ್ಲಿ ಅಡ್ಡ ನಿಂತರು. ಸ್ಯೂವೆಲ್ ತರಬೇತುದಾರರಾಗಿ ಮರಳಿದ್ದು ಅದರ ಮರುವರ್ಷ. ಇದರಲ್ಲಿ ಅವರ ವೈಯಕ್ತಿಕ ತಪ್ಪೇನೂ ಇಲ್ಲ. ಆದರೆ ಬಾಗಿಲು ತೆರೆದೇ ಇದ್ದವನಿಗೆ ಅಲ್ಲೊಂದು ಬಾಗಿಲಿದೆ ಎಂಬುದೇ ಕಾಣುವುದಿಲ್ಲ. ತಾನು ನಡೆದು ಬಂದದ್ದು ತನ್ನ ಕಾಲಿನ ಬಲದಿಂದ ಮಾತ್ರ ಎಂದು ಅವನು ಪ್ರಾಮಾಣಿಕವಾಗಿಯೇ ನಂಬುತ್ತಾನೆ.

1920ರ ಫೆಬ್ರವರಿಯಲ್ಲಿ, ಅಂದರೆ ಸ್ಯೂವೆಲ್‌ಗೆ ಕರೆ ಬಂದ ಅದೇ ವರ್ಷ, ಲಾಯ್ಡ್ ಅವರ ಹಳೆಯ ನಾಯಕ ರೂಬ್ ಫಾಸ್ಟರ್ ಕ್ಯಾನ್ಸಸ್ ಸಿಟಿಯಲ್ಲಿ ಸಭೆ ಸೇರಿಸಿ ನೀಗ್ರೊ ನ್ಯಾಷನಲ್ ಲೀಗನ್ನು ಸ್ಥಾಪಿಸಿದರು. ಮುಚ್ಚಿದ ಬಾಗಿಲಿನ ಹೊರಗೆ ಕರಿಯರು ತಮ್ಮದೇ ಮನೆ ಕಟ್ಟಿಕೊಂಡರು. ಲಾಯ್ಡ್ ಅವರಿಗೆ ಆಗ ಮೂವತ್ತಾರು. ಶಾರ್ಟ್‌ಸ್ಟಾಪಿಗೆ ಅದು ಸಂಜೆಯ ವಯಸ್ಸು. ಆದರೂ ಆಡಿದರು, ತಂಡಗಳನ್ನು ನಡೆಸಿದರು. ನಲವತ್ತಾದಾಗ ಡಿಕ್ ಲಂಡಿ ಎಂಬ ಕಿರಿಯನಿಗೆ ತಮ್ಮ ಜಾಗ ಬಿಟ್ಟುಕೊಟ್ಟು ಎರಡನೇ ಬೇಸಿಗೆ ಸರಿದರು, ಆಮೇಲೆ ಮೊದಲನೇ ಬೇಸಿಗೆ. 1930ರ ಜುಲೈನಲ್ಲಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಮೊದಲ ಬಾರಿಗೆ ಕಪ್ಪು ತಂಡಗಳ ಪಂದ್ಯ ನಡೆದಾಗ, ಒಂದು ತಂಡದ ನಾಯಕತ್ವ ವಹಿಸಿ ಮೈದಾನಕ್ಕೆ ಇಳಿದವರು ನಲವತ್ತಾರರ ಲಾಯ್ಡ್. ಅಂದಿನ ಹಣ ರೈಲಿನ ಮಲಗುವ ಬೋಗಿಗಳಲ್ಲಿ ದುಡಿಯುವ ಕಪ್ಪು ಪೋರ್ಟರುಗಳ ಸಂಘಕ್ಕೆ ಹೋಯಿತು. 1932ರಲ್ಲಿ ಲಾಯ್ಡ್ ದೊಡ್ಡ ತಂಡಗಳ ಆಟ ನಿಲ್ಲಿಸಿದರು.

ಆಮೇಲೆ ಏನು ಮಾಡಿದರು? ಸ್ಯೂವೆಲ್ ವಿಶ್ವವಿದ್ಯಾಲಯದ ತರಬೇತುದಾರರಾದರೆಂದು ಆಗಲೇ ಹೇಳಿದೆವು. ಲಾಯ್ಡ್ ಅಟ್ಲಾಂಟಿಕ್ ಸಿಟಿಯಲ್ಲಿ ನೆಲೆಸಿ ಅಂಚೆ ಕಚೇರಿಯಲ್ಲಿ, ಆಮೇಲೆ ಶಾಲೆಯಲ್ಲಿ ಕಸ ಗುಡಿಸುವ ಜವಾನರಾದರು. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಮೊದಲ ಐವರನ್ನು ಆರಿಸಿದಾಗ ಅವರಲ್ಲಿ ಟೈ ಕಾಬ್ ಇದ್ದರು, ಹೋನಸ್ ವ್ಯಾಗ್ನರ್ ಇದ್ದರು. ಅವರಿಬ್ಬರ ಸಮಕ್ಕೆ ನಿಂತವನ ಕೈಯಲ್ಲಿ ಆ ವರ್ಷಗಳಲ್ಲಿ ಪೊರಕೆ ಇತ್ತು.

ಬೇಸರದ ಚಿತ್ರವೆಂದು ಇಲ್ಲಿಗೇ ನಿಲ್ಲಿಸುವುದು ಅನ್ಯಾಯವಾದೀತು. ಸ್ವಂತ ಮಕ್ಕಳಿಲ್ಲದ ಆ ಮನುಷ್ಯನನ್ನು ಊರಿನ ಮಕ್ಕಳೆಲ್ಲ ಪಾಪ್ ಎಂದು ಕರೆದರು, ನಮ್ಮಲ್ಲಿ ಅಪ್ಪಾಜಿ ಎನ್ನುವ ಹಾಗೆ. ಅವರು ಆ ಮಕ್ಕಳ ಬೇಸ್‌ಬಾಲ್ ಲೀಗಿನ ಮುಖ್ಯಸ್ಥರಾದರು. 1949ರಲ್ಲಿ ಊರಿನವರು ಒಂದು ಮೈದಾನಕ್ಕೆ ಅವರ ಹೆಸರನ್ನೇ ಇಟ್ಟರು. ಬೇಗ ಹುಟ್ಟಿ ನತದೃಷ್ಟರಾದಿರೆಂದು ಜನ ಮರುಗಿದಾಗ ಅವರು ಅದನ್ನು ಒಪ್ಪಲಿಲ್ಲ. ತಮ್ಮ ಕಾಲವೇ ಸರಿಯಾದ ಕಾಲ, ತಮ್ಮ ಜನರ ಸಾಮರ್ಥ್ಯವನ್ನು ತೋರಿಸಲು ತಮಗೆ ಅವಕಾಶ ಸಿಕ್ಕಿತು, ಅದರಿಂದ ಕಿರಿಯರ ದಾರಿ ಸುಗಮವಾಯಿತು ಎಂಬರ್ಥದ ಮಾತು ಹೇಳಿದರು.

ಈ ಮಾತನ್ನು ಬಹಳ ಜನ ಸಂತೋಷದಿಂದ ಉದ್ಧರಿಸುತ್ತಾರೆ. ನಾವು ಸ್ವಲ್ಪ ಎಚ್ಚರದಿಂದ ಓದಬೇಕೆಂದು ಕಾಣುತ್ತದೆ. ಹಕ್ಕು ಕಳೆದುಕೊಂಡವನು ಕಹಿಯಿಲ್ಲದೆ ಬದುಕಿದರೆ ಅದು ಅವನ ದೊಡ್ಡತನ. ಹಕ್ಕು ಕಿತ್ತುಕೊಂಡವರು ಆ ದೊಡ್ಡತನವನ್ನೇ ಸಾಲ ತೀರಿದ ರಸೀದಿಯಂತೆ ಜೇಬಿನಲ್ಲಿ ಇಟ್ಟುಕೊಳ್ಳಬಾರದು. ಅವನೇ ದೂರು ಹೇಳಲಿಲ್ಲವಲ್ಲ, ನಿಮಗೇಕೆ ಉಸಾಬರಿ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಕ್ಷಮೆ ಕೊಡುವುದು ಅವನ ಇಷ್ಟ, ಇನ್ಸಾಫ್ ಕೊಡುವುದು ಉಳಿದವರ ಕರ್ತವ್ಯ. ಒಂದು ಕೊಟ್ಟಾಯಿತೆಂದು ಇನ್ನೊಂದು ಮಾಫಿಯಾಗುವುದಿಲ್ಲ.

ಮೂರನೆಯ ಬಾಗಿಲಿಗೆ ಬರುವ ಮೊದಲು ಅದರ ಅಗುಳಿ ತೆಗೆದವರನ್ನು ನೆನೆಯಬೇಕು. 1945ರಲ್ಲಿ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ಎಂಬ ನೀಗ್ರೊ ಲೀಗ್ ತಂಡದ ಶಾರ್ಟ್‌ಸ್ಟಾಪ್ ಆಗಿದ್ದವರು ಜಾಕಿ ರಾಬಿನ್‌ಸನ್. ಬ್ರೂಕ್ಲಿನ್ ಡಾಜರ್ಸ್ ತಂಡದ ಬ್ರಾಂಚ್ ರಿಕಿ ಅವರನ್ನು ಆರಿಸಿಕೊಂಡರು. ಬ್ರೂಕ್ಲಿನ್ನಿನಲ್ಲಿ ಆ ಜಾಗ ಕೆಂಟಕಿ ರಾಜ್ಯದ ಬಿಳಿಯ ಹುಡುಗ ಪೀ ವೀ ರೀಸ್ ಅವರದ್ದು. ನೌಕಾಪಡೆಯ ಸೇವೆ ಮುಗಿಸಿ ಹಡಗಿನಲ್ಲಿ ಮರಳುತ್ತಿದ್ದ ರೀಸ್‌ಗೆ, ತನ್ನ ತಂಡ ಒಬ್ಬ ಕರಿಯನನ್ನು ಸೇರಿಸಿಕೊಂಡಿದೆ, ಅವನೂ ಶಾರ್ಟ್‌ಸ್ಟಾಪ್ ಎಂಬ ಸುದ್ದಿ ಬಂತು. ತನ್ನ ಜಾಗ ಕಿತ್ತುಕೊಳ್ಳುವಷ್ಟು ಯೋಗ್ಯತೆ ಅವನಿಗಿದ್ದರೆ ಅದು ಅವನಿಗೇ ಸಲ್ಲಬೇಕು ಎಂದು ತನಗೆ ಅನಿಸಿತೆಂದು ರೀಸ್ ಮುಂದೆ ಹೇಳಿಕೊಂಡರು. 1947ರಲ್ಲಿ ಕೆಲವು ಸಹ ಆಟಗಾರರು ರಾಬಿನ್‌ಸನ್ ವಿರುದ್ಧ ಮನವಿ ಬರೆದಾಗ ರೀಸ್ ಸಹಿ ಹಾಕಲಿಲ್ಲ. ಏಪ್ರಿಲ್ 15ರಂದು ರಾಬಿನ್‌ಸನ್ ಮೊದಲನೇ ಬೇಸಿನಲ್ಲಿ ನಿಂತು ಆಡಿದರು, ಆಮೇಲೆ ಎರಡನೇ ಬೇಸಿಗೆ ಬಂದರು. ಶಾರ್ಟ್‌ಸ್ಟಾಪ್ ಜಾಗ ರೀಸ್ ಬಳಿಯೇ ಉಳಿಯಿತು. ಆದರೆ ನಷ್ಟವಾಗಬಹುದಾದ ಮನುಷ್ಯನೇ ಇನ್ಸಾಫಿನ ಪರವಾಗಿ ನಿಂತದ್ದು ಚಿಕ್ಕ ಸಂಗತಿಯಲ್ಲ.

ಅರ್ನಿ ಬ್ಯಾಂಕ್ಸ್ ಹುಟ್ಟಿದ್ದು 1931ರ ಜನವರಿಯಲ್ಲಿ, ಟೆಕ್ಸಾಸ್‌ನ ಡಲಾಸ್‌ನಲ್ಲಿ. ಲಾಯ್ಡ್ ಆಟ ನಿಲ್ಲಿಸಿದಾಗ ಒಂದು ವರ್ಷದ ಕೂಸು. ಹನ್ನೆರಡು ಮಕ್ಕಳ ಬಡ ಮನೆ. ಶಾಲೆಯಲ್ಲಿ ಬೇಸ್‌ಬಾಲ್ ತಂಡವೇ ಇರಲಿಲ್ಲ. ಚೆಂಡು ಹಿಡಿಯಲು ಹುಡುಗ ಒಲ್ಲೆನೆಂದರೆ ಅಪ್ಪ ಚಿಲ್ಲರೆ ಕಾಸು ಕೊಟ್ಟು ಆಡಿಸುತ್ತಿದ್ದರಂತೆ. 1950ರಲ್ಲಿ ರಾಬಿನ್‌ಸನ್ ಆಡಿದ್ದ ಅದೇ ಮೊನಾರ್ಕ್ಸ್ ತಂಡಕ್ಕೆ ಶಾರ್ಟ್‌ಸ್ಟಾಪ್ ಆಗಿ ಸೇರಿದರು. ನಡುವೆ ಎರಡು ವರ್ಷ ಸೈನ್ಯ. 1953ರಲ್ಲಿ ಮರಳಿದರು. ತಂಡದ ವ್ಯವಸ್ಥಾಪಕ ಬಕ್ ಓನೀಲ್ ಆ ಸೆಪ್ಟೆಂಬರಿನಲ್ಲಿ ಅವರನ್ನು ಷಿಕಾಗೊ ಕಬ್ಸ್ ತಂಡಕ್ಕೆ ತಲುಪಿಸಿದರು. ಸೆಪ್ಟೆಂಬರ್ 17ರಂದು ಬ್ಯಾಂಕ್ಸ್ ಕಬ್ಸ್ ಪರ ಆಡಿದ ಮೊದಲ ಕಪ್ಪು ಆಟಗಾರರಾದರು.

ಆ ತಿಂಗಳು ಅಲ್ಲಿಗೆ ಬಂದ ಕಪ್ಪು ಶಾರ್ಟ್‌ಸ್ಟಾಪ್ ಅವರೊಬ್ಬರೇ ಅಲ್ಲ. ಜೀನ್ ಬೇಕರ್ ಎಂಬ ಇನ್ನೊಬ್ಬರಿದ್ದರು, ಅವರೂ ಮೊನಾರ್ಕ್ಸ್‌ನವರೇ. ಕಬ್ಸ್ ಅವರನ್ನು 1950ರಲ್ಲೇ ಸೇರಿಸಿಕೊಂಡು ಮೂರು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಲೀಗಿನಲ್ಲೇ ಇಟ್ಟಿತ್ತು. ಕರೆ ಬಂದಾಗ ಸಣ್ಣ ಗಾಯವಾಗಿ ಮೂರು ದಿನ ತಡವಾಯಿತು. ಮೊದಲಿಗನೆಂಬ ಹೆಸರು ಬ್ಯಾಂಕ್ಸ್ ಅವರದಾಯಿತು, ಜಾಗವೂ ಅವರದಾಯಿತು, ಬೇಕರ್ ಎರಡನೇ ಬೇಸಿಗೆ ಸರಿದರು. ಬಾಗಿಲು ತೆರೆದ ಮೇಲೂ ಅದರ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಇನ್ನೊಂದು ಪ್ರಶ್ನೆ. ಬೇಕರ್ ಇಪ್ಪತ್ತೈದರಿಂದ ಇಪ್ಪತ್ತೆಂಟರವರೆಗೆ ನಿಂತೇ ಇದ್ದರು. ಶಾರ್ಟ್‌ಸ್ಟಾಪಿನ ಬದುಕಿನಲ್ಲಿ ಅವೇ ನಡುಹಗಲಿನ ವರ್ಷಗಳು.

ಬ್ಯಾಂಕ್ಸ್ ಮುಂದೆ ಮಾಡಿದ್ದು ಬೇಸ್‌ಬಾಲ್ ಬಲ್ಲವರಿಗೆಲ್ಲ ಗೊತ್ತು. ಶಾರ್ಟ್‌ಸ್ಟಾಪ್ ಎಂದರೆ ಹಿಡಿಯುವವನು, ದೂರ ಹೊಡೆಯುವವನಲ್ಲ ಎಂದು ಆವರೆಗೆ ತಿಳಿದಿದ್ದರು. ಬ್ಯಾಂಕ್ಸ್ 1958ರಲ್ಲಿ 47 ಹೋಮ್‌ರನ್, 1959ರಲ್ಲಿ 45 ಹೋಮ್‌ರನ್ ಹೊಡೆದು ಎರಡೂ ವರ್ಷ ತಮ್ಮ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದರು. ಒಟ್ಟು 512 ಹೋಮ್‌ರನ್, 2,528 ಪಂದ್ಯ, ಎಲ್ಲವೂ ಒಂದೇ ತಂಡಕ್ಕೆ. ಅವರಿಗೂ ಮೂವತ್ತಾದಾಗ ಮೊಣಕಾಲು ಕೈಕೊಟ್ಟಿತು, 1962ರಿಂದ ಮೊದಲನೇ ಬೇಸು. 1971ರಲ್ಲಿ ನಿವೃತ್ತಿ. ಹತ್ತೊಂಬತ್ತು ಋತು ಆಡಿದರೂ ಅವರ ತಂಡ ಒಂದು ಸಲವೂ ಅಂತಿಮ ಹಂತಕ್ಕೆ ಬರಲಿಲ್ಲ. 2015ರ ಜನವರಿಯಲ್ಲಿ ಅವರು ತೀರಿಕೊಂಡರು. 1908ರ ನಂತರ ಕಬ್ಸ್ ಮತ್ತೆ ವಿಶ್ವ ಸರಣಿ ಗೆದ್ದದ್ದು 2016ರಲ್ಲಿ. ಸೋಲುವ ತಂಡದಲ್ಲಿ ಆಡಿದ್ದು ಅವರ ಅದೃಷ್ಟ. ಆದರೆ ಅದು ಎಲ್ಲರಿಗೂ ತಟ್ಟಬಹುದಾದ ಅದೃಷ್ಟ, ಚರ್ಮದ ಬಣ್ಣ ನೋಡಿ ಬರೆದ ಹಣೆಬರಹವಲ್ಲ. ಮನುಷ್ಯನಿಗೆ ಸೋಲುವ ಹಕ್ಕೂ ಸಮನಾಗಿ ಸಿಗಬೇಕು.

ಈಗ 1977ಕ್ಕೆ ಮರಳೋಣ. ಕೂಪರ್ಸ್‌ಟೌನಿಗೆ ಬ್ಯಾಂಕ್ಸ್ ಬಂದದ್ದು ಪತ್ರಕರ್ತರ ಮತದಿಂದ. ಅರ್ಹರಾದ ಮೊದಲ ವರ್ಷವೇ 383 ಮತಗಳಲ್ಲಿ 321 ಅವರಿಗೆ ಬಿದ್ದವು. ಸ್ಯೂವೆಲ್ ಬಂದದ್ದು ಹಳಬರನ್ನು ಆರಿಸುವ ಸಮಿತಿಯ ಮೂಲಕ. ಲಾಯ್ಡ್ ಅವರ ಹೆಸರು ಬಂದದ್ದು ನೀಗ್ರೊ ಲೀಗುಗಳಿಗೆಂದೇ 1971ರಲ್ಲಿ ಮಾಡಿದ ಪ್ರತ್ಯೇಕ ಸಮಿತಿಯ ಮೂಲಕ. ಆ ಸಮಿತಿಯೂ ತಾನಾಗಿ ಹುಟ್ಟಿದ್ದಲ್ಲ. 1966ರಲ್ಲಿ ಟೆಡ್ ವಿಲಿಯಮ್ಸ್ ಎಂಬ ಬಿಳಿಯ ಆಟಗಾರ ತಮ್ಮ ಸನ್ಮಾನದ ಭಾಷಣದಲ್ಲೇ, ಅವಕಾಶ ಸಿಗದ ಕಪ್ಪು ಆಟಗಾರರ ಹೆಸರುಗಳು ಇಲ್ಲಿ ಇರಬೇಕೆಂದು ಕೇಳಿದ್ದರು. ಮೊದಲು ಅವರ ಫಲಕಗಳನ್ನು ಬೇರೆ ವಿಭಾಗದಲ್ಲಿ ಇಡುವ ಯೋಚನೆಯಿತ್ತು. ಸತ್ಕಾರದಲ್ಲೂ ಪಂಕ್ತಿಭೇದವೇ ಎಂದು ಪ್ರತಿಭಟನೆ ಬಂದ ಮೇಲೆ ಅದನ್ನು ಕೈಬಿಟ್ಟರು. ಒಂಬತ್ತು ಮಂದಿಯನ್ನು ಆರಿಸಿ 1977ರಲ್ಲಿ ಸಮಿತಿ ಮುಗಿಯಿತು. ಲಾಯ್ಡ್ ಅದರ ಕೊನೆಯ ಇಬ್ಬರಲ್ಲಿ ಒಬ್ಬರು. ಫಲಕ ನೋಡಲು ಅವರಿರಲಿಲ್ಲ, 1964ರಲ್ಲೇ ತೀರಿಕೊಂಡಿದ್ದರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 1920ರಿಂದ 1948ರವರೆಗಿನ ಏಳು ನೀಗ್ರೊ ಲೀಗುಗಳನ್ನು ದೊಡ್ಡ ಲೀಗುಗಳೆಂದೇ ಒಪ್ಪಿಕೊಂಡಿತು. 2024ರ ಮೇ ತಿಂಗಳಲ್ಲಿ ಆ ಲೀಗುಗಳ ಅಂಕಿ ಅಂಶಗಳು ಅಧಿಕೃತ ದಾಖಲೆಗೆ ಸೇರಿದವು. ಹಳೆಯ ಪತ್ರಿಕೆಗಳ ಸಣ್ಣಕ್ಷರದ ವರದಿಗಳಿಂದ ಒಂದೊಂದೇ ಪಂದ್ಯವನ್ನು ಹೆಕ್ಕಿ ತೆಗೆದ ಸಂಶೋಧಕರ ದುಡಿಮೆ ಅದರ ಹಿಂದಿದೆ. ಟೈ ಕಾಬ್ ಅವರ ಹೆಸರಿನಲ್ಲಿದ್ದ ಜೀವಮಾನದ ಅತ್ಯುಚ್ಚ ಬ್ಯಾಟಿಂಗ್ ಸರಾಸರಿಯ ದಾಖಲೆ ಜಾಷ್ ಗಿಬ್ಸನ್ ಎಂಬ ಕಪ್ಪು ಆಟಗಾರನಿಗೆ ಸಂದಿತು.

ಆದರೆ ಲಾಯ್ಡ್? ದಫ್ತರ ತೆರೆಯುವುದು 1920ರಿಂದ. ಅವರು ಶಾರ್ಟ್‌ಸ್ಟಾಪ್ ಜಾಗದಲ್ಲಿ ಮಿಂಚಿದ್ದು 1906ರಿಂದ 1919ರವರೆಗಿನ ಯೌವನದ ವರ್ಷಗಳಲ್ಲಿ. ಆಗ ಕರಿಯರಿಗೆ ಭದ್ರವಾದ ಲೀಗೇ ಇರಲಿಲ್ಲ. ಲೀಗಿಲ್ಲದ್ದರಿಂದ ಆ ಆಟ ಈ ಲೆಕ್ಕದಲ್ಲಿಲ್ಲ. ಹವಾನಾದಲ್ಲಿ ಕಾಬ್‌ನನ್ನು ಮೀರಿಸಿದ ಪಂದ್ಯಗಳೂ ಇಲ್ಲ. ಅಧಿಕೃತ ಪುಸ್ತಕದಲ್ಲಿ ನಮಗೆ ಸಿಗುವುದು ಮೂವತ್ತಾರು ದಾಟಿದ, ಬೇಸಿನಿಂದ ಬೇಸಿಗೆ ಸರಿಯುತ್ತಿದ್ದ ಹಿರಿಯ ಲಾಯ್ಡ್ ಮಾತ್ರ. ಹೊರಗಿಟ್ಟ ಕಾಲದ ಸಾಕ್ಷ್ಯ ಹೊರಗೇ ಉಳಿದುಹೋದರೆ ಎಷ್ಟು ಒಳ್ಳೆಯ ಮನಸ್ಸಿನ ತಿದ್ದುಪಡಿಯೂ ಅದನ್ನು ಪೂರ್ತಿ ಮರಳಿ ತರಲಾರದು. ತಿದ್ದುಪಡಿ ಬೇಡವೆಂದು ಇದರ ಅರ್ಥವಲ್ಲ. ತಡವಾದಷ್ಟೂ ತಿದ್ದಲು ಉಳಿಯುವುದು ಕಡಿಮೆ ಎಂದಷ್ಟೇ ಅರ್ಥ.

ಮೂವರಿಗೂ ಈಗ ನೆಲದ ಮೇಲೊಂದು ಗುರುತಿದೆ. ಅಲಬಾಮಾ ವಿಶ್ವವಿದ್ಯಾಲಯದ ಮೈದಾನಕ್ಕೆ ಸ್ಯೂವೆಲ್ ಅವರ ಹೆಸರು ಸೇರಿದೆ. ಷಿಕಾಗೊದ ರಿಗ್ಲಿ ಫೀಲ್ಡ್ ಹೊರಗೆ 2008ರಲ್ಲಿ ಬ್ಯಾಂಕ್ಸ್ ಪ್ರತಿಮೆ ನಿಂತಿತು. ಅಟ್ಲಾಂಟಿಕ್ ಸಿಟಿಯ ಪಾಪ್ ಲಾಯ್ಡ್ ಮೈದಾನ ಹಾಳುಬಿದ್ದು, 1990ರ ದಶಕದಲ್ಲಿ ದುರಸ್ತಿಯಾಯಿತು. ಮೂರರಲ್ಲಿ ನಮಗೆ ಹೆಚ್ಚು ಹತ್ತಿರವೆನಿಸುವುದು ಈ ಕೊನೆಯದು. ಕೂಪರ್ಸ್‌ಟೌನ್ ಅವರನ್ನು ಗುರುತಿಸುವ ಇಪ್ಪತ್ತೆಂಟು ವರ್ಷ ಮೊದಲೇ ಆ ಹೆಸರನ್ನು ಇಟ್ಟವರು ಅವರ ಊರಿನವರು, ತಮ್ಮ ಶಾಲೆಯ ನೆಲ ಗುಡಿಸುವ ಮನುಷ್ಯ ಯಾರೆಂದು ತಿಳಿದಿದ್ದವರು. ಯಾವ ದಫ್ತರವೂ ಹೇಳದಿದ್ದಾಗ ಅವರಿಗೆ ಅದು ಹೇಗೆ ತಿಳಿಯಿತು? ಅವರು ಕಣ್ಣಾರೆ ನೋಡಿದ್ದರು, ನೋಡಿದ್ದನ್ನು ಮಕ್ಕಳಿಗೆ ಹೇಳಿದ್ದರು. ದಫ್ತರ ತಡವಾಗಿ ತೆರೆಯುವ ಕಡೆಗಳಲ್ಲಿ ಜನ ಮಾಡಬಹುದಾದ ಕೆಲಸ ಇದೇ, ಅದು ಸಣ್ಣ ಕೆಲಸವೇನಲ್ಲ.